ಎತ್ಕಂಡು ಓದೆ, ಅಷ್ಟೇ

ಪವರ್‌ಹೌಸ್ ಕ್ವಾರ್ಟರ್ಸ್, ಬ್ಲಫ್
10 ಮಾರ್ಚ್ 2025

ಸಣ್ಣತಾಯಮ್ಮನವರಿಗೆ,

ನಿಮ್ಮ ವಕೀಲೆ ಚಂದನ ಬರೆಯುತ್ತಿದ್ದೇನೆ. ಜನವರಿ 27ಕ್ಕೆ ನನಗೆ ಹೆಣ್ಣುಮಗುವಾಯಿತು. ಡಿಸೆಂಬರಿನಲ್ಲಿ ಮಂಡ್ಯ ಕೋರ್ಟಿನ ಮೆಟ್ಟಿಲ ಮೇಲೆ ಪೊಲೀಸಿನವರ ನಡುವೆ ನಿಂತು ನೀವು ನನ್ನ ಹೊಟ್ಟೆ ನೋಡಿದಿರಿ. ‘ಮಗ ಕೆಳಕ್ಕಿಳಿದದೆ, ಇನ್ನು ಬಸ್ಸಲ್ಲಿ ಓಡಾಡ್ಬ್ಯಾಡಿ’ ಅಂದಿರಿ. ನಾನು ಕೇಳಿದ ಪ್ರಶ್ನೆಗೆ ಮಾತ್ರ ಆವತ್ತೂ ಉತ್ತರ ಕೊಡಲಿಲ್ಲ.

ಇನ್ನೂ ಬಾಣಂತಿ. ಮೈಸೂರು ಜೈಲಿನವರೆಗೆ ಬರಲಾಗದು. ಫೋನಿನಲ್ಲಿ ಸಿಗುವ ನಾಲ್ಕೈದು ನಿಮಿಷದಲ್ಲಿ ನೀವು ‘ಚೆನ್ನಾಗಿವ್ನಿ’ ಅನ್ನುವುದು ಬಿಟ್ಟು ಬೇರೇನೂ ಹೇಳುವುದಿಲ್ಲ. ಏಳನೇ ಕ್ಲಾಸು ಓದಿದ್ದೀನಿ ಅಂದಿದ್ದಿರಲ್ಲ, ಅದಕ್ಕೇ ಈ ಕಾಗದ.

ಫೈಲಿನಲ್ಲಿರುವುದು ಇಷ್ಟು. ನೀವು ಮದ್ದೂರಿನ ನರ್ಸಿಂಗ್ ಹೋಮೊಂದರಲ್ಲಿ ಹನ್ನೊಂದು ವರ್ಷದಿಂದ ಆಯಾ. ಕಳೆದ ಆಗಸ್ಟಿನಲ್ಲಿ ಅರ್ಪಿತ ಎಂಬ ಇಪ್ಪತ್ತು ವರ್ಷದ ಹುಡುಗಿಗೆ ಅಲ್ಲಿ ಹೆರಿಗೆಯಾಯಿತು. ಮೂರನೇ ದಿನ ಮಧ್ಯಾಹ್ನ ಆಕೆಯ ಪಕ್ಕದಿಂದ ಮಗು ಕಾಣೆಯಾಯಿತು. ಗಂಡ ಸಂತೋಷ್ ದೂರು ಕೊಟ್ಟ. ಎರಡು ಗಂಟೆಯೊಳಗೆ ನೀವು ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಮಗುವಿನ ಸಮೇತ ಸಿಕ್ಕಿಬಿದ್ದಿರಿ. ಮಾರಲು ಕದ್ದಿರಿ ಎಂದು ಚಾರ್ಜ್‌ಶೀಟ್. ಪೊಲೀಸರು ಕೇಳಿದಾಗ ‘ಎತ್ಕಂಡು ಓದೆ, ಅಷ್ಟೇ’ ಅಂದಿರಿ. ಜಡ್ಜ್ ಕೇಳಿದಾಗಲೂ ಅದೇ. ಸರ್ಕಾರದ ಉಚಿತ ನೆರವಿನಲ್ಲಿ ನಿಮಗೆಂದೇ ನೇಮಿಸಿದ ನನಗೂ ಅದೇ.

ಜಾಮೀನು ಯಾಕೆ ಸಿಗಲಿಲ್ಲ ಗೊತ್ತಾ? ಕಾರಣ ಹೇಳದ ಆರೋಪಿಯನ್ನು ಯಾರೂ ನಂಬುವುದಿಲ್ಲ. ಹೈಕೋರ್ಟಿಗೆ ಅರ್ಜಿ ಹಾಕಬೇಕು. ಬೆಂಗಳೂರಿನಲ್ಲಿ ನನ್ನ ಗೆಳತಿಯೊಬ್ಬಳು ಬಿಟ್ಟಿಯಾಗಿ ವಾದಿಸಲು ಒಪ್ಪಿದ್ದಾಳೆ. ಹತ್ತು ದಿನದಲ್ಲಿ ಕಾಗದಪತ್ರ ಕಳಿಸುತ್ತೇನೆ. ಅಷ್ಟರೊಳಗೆ ಬರೆಯಿರಿ: ಮಗುವನ್ನು ಯಾಕೆ ಎತ್ತಿಕೊಂಡು ಹೋದಿರಿ? ಎಲ್ಲಿಗೆ?

ಚಂದನ


ಮೈಸೂರು ಜೈಲು
19 ಮಾರ್ಚ್ 2025

ಲಾಯರಮ್ಮನೋರಿಗೆ ಸಣ್ಣತಾಯಮ್ಮ ಮಾಡೋ ನಮಸ್ಕಾರ. ಕಾಗ್ದ ಬಂತು. ಎಣ್ಣು ಮಗ ಅಂತ ಓದಿ ಬಾಳ ಕುಸಿ ಆಯ್ತು. ನಮ್ ಬ್ಯಾರಕ್ಕಿನ ಎಲ್ಲಾರ್ಗೂ ಏಳ್ದೆ. ಮಳವಳ್ಳಿಯ ಬಿಬಿ ಜಾನ್ ಅಂತ ಒಬ್ರು ನನ್ನ ಪಕ್ದಲ್ಲೇ ಮನಿಕಳದು, ಅವ್ರೂ ನಿಮ್ಮ ಮಗೀಗೆ ದುವಾ ಮಾಡವ್ರೆ.

ಬಾಣಂತಿ ತಣ್ಣೀರು ಮುಟ್ಬ್ಯಾಡಿ. ಮಗ ಸರ್ಯಾಗಿ ಆಲು ಇಡೀತದಾ? ಒಂದ್ಕಡೆ ಕುಡ್ಸಿ ತೇಗ್ಸಿ ಆಮ್ಯಾಕೆ ಇನ್ನೊಂದ್ಕಡೆ ಕುಡ್ಸಿ. ನಿಮ್ಗೆ ನಿದ್ದೆ ಬತ್ತದಾ? ಮಗ ಮನಗ್ದಾಗ ನೀವೂ ಮನಿಕಳಿ, ಆಗ ಫೈಲ್ ತಕ್ಕಂಡು ಕುಂತ್ಕಬ್ಯಾಡಿ.

ನೀವು ಕೇಳಿದ್ದಕ್ಕೆ ಏನ್ ಬರೀಲಿ. ಎತ್ಕಂಡು ಓದೆ, ಅಷ್ಟೇ. ಮಾರಾಕಲ್ಲ. ಇದ್ನ ಬುಟ್ಟು ಇನ್ನೇನೂ ನನ್ನ ಕೇಳ್ಬ್ಯಾಡಿ. ನಂಗೆ ಮಕ್ಳಿಲ್ಲ, ಗಂಡ ತೀರ್ಕಂಡು ಒಂಬತ್ತು ವರ್ಸ ಆಯ್ತು. ಒರ್ಗಿದ್ರೂ ಒಬ್ಳೇ, ಇಲ್ಲಿದ್ರೂ ಒಬ್ಳೇ. ಆದ್ರೂ ಒರ್ಗೆ ಸಾಯ್ಬೇಕು ಅಂತ ಆಸೆ. ದೊಡ್ಡ ಕೋರ್ಟಿಗೆ ಆಕ್ತೀನಿ ಅಂದ್ರಲ್ಲ, ಆಕಿ.

ಸಣ್ಣತಾಯಮ್ಮ


ಬ್ಲಫ್
16 ಏಪ್ರಿಲ್ 2025

ಸಣ್ಣತಾಯಮ್ಮನವರಿಗೆ,

ಈ ತಿಂಗಳ ಮೊದಲ ವಾರದಿಂದ ಕೋರ್ಟಿಗೆ ಹೋಗುತ್ತಿದ್ದೇನೆ. ವಕೀಲರಿಗೆ ಹೆರಿಗೆ ರಜೆ ಕೊಡುವವರು ಯಾರು? ಎರಡು ತಿಂಗಳು ಕಾಣಿಸದಿದ್ದುದಕ್ಕೇ ಕಕ್ಷಿದಾರರು ನಾನು ವೃತ್ತಿ ಬಿಟ್ಟೆ ಅಂದುಕೊಂಡಿದ್ದರು. ಮಳವಳ್ಳಿಯಲ್ಲಿ ನಮ್ಮ ಸೀನಿಯರ್ ಪುಟ್ಟಸ್ವಾಮಿಯವರು, ‘ಇನ್ನೊಂದು ವರ್ಷ ಮನೆಯಲ್ಲಿರಮ್ಮ, ಫೈಲುಗಳನ್ನು ಬೇರೆಯವರಿಗೆ ಹಂಚುತ್ತೀನಿ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಹತ್ತು ವರ್ಷ ದುಡಿದು ಕಟ್ಟಿಕೊಂಡದ್ದನ್ನು ಹಂಚಿಬಿಟ್ಟರೆ ತಿರುಗಿ ಯಾರು ಕೊಡುತ್ತಾರೆ? ಬೇಡ ಸರ್ ಅಂದೆ.

ಅತ್ತೆ ಶಿವಪುರದಿಂದ ಬಂದು ಎರಡು ತಿಂಗಳು ಇದ್ದರು. ಅವರ ಮಂಡಿನೋವು ಹೆಚ್ಚಾಗಿ ಊರಿಗೆ ಹೋದರು. ನನ್ನ ಅಮ್ಮ ಇಲ್ಲ. ನನ್ನ ಗಂಡ ಸ್ವರೂಪ್‌ಗೆ ಪವರ್‌ಹೌಸಿನಲ್ಲಿ ಶಿಫ್ಟ್ ಕೆಲಸ. ಪಾಪುವನ್ನು ಪಕ್ಕದ ಮನೆಯವರ ಹತ್ತಿರ ಬಿಟ್ಟು ಎಂಟರ ಬಸ್ಸಿಗೆ ಮಳವಳ್ಳಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಮಂಡ್ಯ. ಮೊನ್ನೆ ವಾದದ ನಡುವೆ ಎದೆಹಾಲು ಸುರಿದು ಕರಿಕೋಟಿನ ಒಳಗೆಲ್ಲ ಒದ್ದೆಯಾಯಿತು. ಎದುರು ವಕೀಲರು ಮುಖ ತಿರುಗಿಸಿಕೊಂಡರು. ನಾನು ವಾದ ಮುಗಿಸಿಯೇ ಕುಳಿತೆ.

ಇರಲಿ. ನಿಮ್ಮ ಅರ್ಜಿ ಹೈಕೋರ್ಟಿಗೆ ಹೋಗಿದೆ. ಅಲ್ಲಿ ದಾಖಲಾಗಿ ನಂಬರ್ ಬೀಳಬೇಕು, ಸ್ವಲ್ಪ ತಡವಾಗಬಹುದು.

ಒಂದು ಮಾತು ನೇರವಾಗಿ ಬರೆಯುತ್ತೇನೆ. ಸರ್ಕಾರಿ ವಕೀಲರು ಹೊಸದೊಂದು ಕಾರಣ ಹುಡುಕಿದ್ದಾರೆ. ಮಾರಲಿಕ್ಕಲ್ಲದಿದ್ದರೆ, ಮಕ್ಕಳಿಲ್ಲದವಳು ತಾನೇ ಸಾಕಿಕೊಳ್ಳಲು ಕದ್ದಿರಬೇಕು ಎಂದು. ‘ನಂಗೆ ಮಕ್ಳಿಲ್ಲ’ ಎಂದು ನೀವೇ ಬರೆದಿದ್ದೀರಿ. ಅದು ನಿಜವಾದರೆ ಈಗಲೇ ಹೇಳಿ. ನಾನು ಬಯ್ಯುವುದಿಲ್ಲ.

ಚಂದನ


ಮೈಸೂರು ಜೈಲು
28 ಏಪ್ರಿಲ್ 2025

ಲಾಯರಮ್ಮನೋರಿಗೆ,

ದೊಡ್ಡ ಕೋರ್ಟಿಗೆ ಓಯ್ತು ಅಂತ ಓದಿದ್ ದಿನ ಊಟ ಸೇರ್ಲಿಲ್ಲ, ಕುಸೀಗೆ. ಒಂದು ಒಳ್ಳೆ ಸೀರೆ ಅದೆ, ಅದ್ನ ಒಗ್ದು ಮಡಿಸಿ ತಲೆ ಕೆಳಗೆ ಇಕ್ಕಂಡಿವ್ನಿ. ಎಸ್ರು ಕೂಗಿದ್ ತಕ್ಷಣ ಉಟ್ಕಂಡು ಬರಾಕೆ. ಬಿಬಿ ಜಾನ್‌ಗೂ ಜಾಮೀನು ಆಗಂಗದೆ. ಇಬ್ರೂ ಒಂದೇ ಬಸ್ಸಲ್ಲಿ ಬರಾನ ಅಂತ ಮಾತಾಡ್ಕಂಡಿವಿ.

ನೀವು ಕೇಳಿದ್ದು ಓದ್ದೆ. ಏನೂ ಅನ್ಕಳ್ಳಿಲ್ಲ. ಕಂಡೋರ್ ಮಗ ಇಟ್ಕಳ್ಳೋ ಆಸೆ ನಂಗಿಲ್ಲ ಕಣಮ್ಮ. ಅನ್ನೊಂದು ವರ್ಸದಲ್ಲಿ ಎಷ್ಟು ಮಕ್ಳಿಗೆ ಮೊದ್ಲ ನೀರು ಆಕಿವ್ನೋ ಲೆಕ್ಕ ಇಲ್ಲ. ಆಸೆ ಇದ್ದಿದ್ರೆ ಇಷ್ಟ್ ದಿನ ಕಾಯ್ತಿದ್ನಾ?

ಬಸ್ಸಲ್ಲಿ ಅಷ್ಟ್ ದೂರ ಓಡಾಡ್ತೀರಲ್ಲ, ಊಟ ಮಾಡ್ತೀರಾ? ಮಗ ಎಂಗದೆ ಅಂತ ಈ ಸಲ ಏನೂ ಬರೀಲಿಲ್ಲ ನೀವು. ನಕ್ತದಾ? ಎಸ್ರೇನ್ ಇಟ್ರಿ?

ಸಣ್ಣತಾಯಮ್ಮ


ಬ್ಲಫ್
9 ಜೂನ್ 2025

ಸಣ್ಣತಾಯಮ್ಮ,

ಉತ್ತರ ಬರೆಯಲು ತಡವಾಯಿತು. ಹೈಕೋರ್ಟಿಗೆ ಬೇಸಿಗೆ ರಜೆ ಇತ್ತು. ಅದಕ್ಕೇ ನಿಮ್ಮದು ಮುಂದೆ ಹೋಗಿಲ್ಲ.

ಹೆಸರು ಇನ್ನೂ ಇಟ್ಟಿಲ್ಲ. ಎಲ್ಲರೂ ಕೇಳುತ್ತಾರೆ. ನಗುತ್ತದಾ ಅಂತ ಕೇಳಿದಿರಿ. ಸ್ವರೂಪ್‌ನನ್ನು ನೋಡಿದರೆ ನಗುತ್ತದೆ. ನನ್ನನ್ನು ನೋಡಿದರೆ ಅಳುತ್ತದೆ. ಮಕ್ಕಳ ಡಾಕ್ಟರು ಮಗುವಿಗೆ ಏನೂ ಆಗಿಲ್ಲ, ತೂಕ ಚೆನ್ನಾಗಿದೆ ಅಂದರು. ಸುಮಾರು ಮೂರು ವಾರದಿಂದ ನಾನು ಸರಿಯಾಗಿ ಮಲಗಿಲ್ಲ. ಪಾಪು ಮಲಗಿದಾಗಲೂ ನಿದ್ದೆ ಬರುವುದಿಲ್ಲ. ಎದ್ದು ಉಸಿರಾಡುತ್ತಿದೆಯಾ ಅಂತ ನೋಡುತ್ತೇನೆ. ಆಮೇಲೆ ಯಾಕಾದರೂ ಉಸಿರಾಡುತ್ತಿದೆಯೋ ಅನ್ನಿಸಿ ಹೆದರಿ ಹಾಸಿಗೆಯಿಂದ ಇಳಿದುಬಿಡುತ್ತೇನೆ. ಇಂಥದ್ದನ್ನೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೋ. ಈ ಸಾಲುಗಳನ್ನು ಹೊಡೆದು ಹಾಕಲು ಹೋದರೆ ಇನ್ನೂ ಅಸಹ್ಯವಾಗಿ ಕಾಣುತ್ತದೆ, ಇರಲಿ.

ಪವರ್‌ಹೌಸಿಗೆ ನೀರು ಹೋಗುವ ನಾಲೆ ನಮ್ಮ ಕ್ವಾರ್ಟರ್ಸಿನ ಮೇಲ್ಗಡೆಯೇ ಇದೆ. ಬೆಳಿಗ್ಗೆ ಹೊತ್ತು ಪಾಪುವನ್ನು ಎತ್ತಿಕೊಂಡು ಏರಿಯ ಮೇಲೆ ತಿರುಗಾಡುತ್ತಿದ್ದೆ. ಈಗ ಹದಿನೈದು ದಿನದಿಂದ ಆ ಕಡೆ ಹೋಗುವುದನ್ನು ಬಿಟ್ಟಿದ್ದೇನೆ. ಅಲ್ಲಿ ನಿಂತರೆ ಕೈ ತಾನಾಗಿಯೇ ಸಡಿಲವಾಗುತ್ತದೆ.

ನೀವು ಹೊರಗಿದ್ದಿದ್ದರೆ ಒಂದು ದಿನ ಇವಳನ್ನೂ ಎತ್ತಿಕೊಂಡು ಹೋಗಿ ಅನ್ನುತ್ತಿದ್ದೆ. ತಮಾಷೆಗೆ ಬರೆದೆ.

ಆಗಸ್ಟ್ 21ಕ್ಕೆ ಅರ್ಪಿತಳ ಪಾಟೀಸವಾಲು ಇದೆ. ನಾನು ಮಲಗಿದ್ದೆ, ಎದ್ದು ನೋಡಿದರೆ ಮಗು ಇರಲಿಲ್ಲ ಎಂದು ಅವಳು ಈಗಾಗಲೇ ಸಾಕ್ಷಿ ಹೇಳಿದ್ದಾಳೆ. ಅವಳನ್ನು ನಾನು ಏನು ಕೇಳಬೇಕೋ ನೀವೇ ಹೇಳಬೇಕು. ನನಗೆ ಏನೂ ತೋಚುತ್ತಿಲ್ಲ.

ಚಂದನ


ಮೈಸೂರು ಜೈಲು
17 ಜೂನ್ 2025

ಅವ್ವಾ ಚಂದನ,

ಈ ಕಾಗ್ದ ಓದೋ ಮುಂಚೆ ಮಗ ನಿನ್ ಕೈಲಿದ್ರೆ ಬಿಬಿ ಜಾನ್ ಕೈಗೆ ಕೊಟ್ಬುಡು. ಅವಳ್ಗೆ ನಾಳೆ ಬುಡುಗಡೆ. ಮನೇಗೂ ಓಗ್ದೆ ನೆಟ್ಟಗೆ ನಿನ್ನತ್ರ ಬತ್ತೀನಿ ಅಂತ ಮಾತು ಕೊಟ್ಟವ್ಳೆ. ಟಪಾಲಿಗೆ ಆಕಿದ್ರೆ ಯಾರಾರ ಓದ್ತಾರೆ ಅಂತ ಅವ್ಳ ಕೈಲಿ ಕೊಟ್ಟಿವ್ನಿ.

ನಂಗೆ ಮಕ್ಳಿಲ್ಲ ಅಂತ ಬರ್ದಿದ್ನಲ್ಲ. ಈಗ ಇಲ್ಲ. ಒಬ್ಳು ಇದ್ಲು, ಕವಿತ ಅಂತ. ಮದ್ವೆ ಮಾಡಿ ಕೊಟ್ಟಿದ್ದೆ. ಗಂಡು ಮಗ ಆಯ್ತು. ಬಾಣಂತನಕ್ಕೆ ನನ್ನತ್ರ ಬಂದ್ಲು. ಇಪ್ಪತ್ತು ದಿನ ಆದ್ಮ್ಯಾಕೆ ನಿದ್ದೆನೇ ಮಾಡ್ತಿರ್ಲಿಲ್ಲ. ‘ಅವ್ವ, ಈ ಮಗೀನ ನನ್ ಅತ್ರ ಬುಡ್ಬ್ಯಾಡ, ನಂಗೆ ಏನೇನೋ ಬತ್ತದೆ ಮನ್ಸಿಗೆ’ ಅಂದ್ಲು. ನಾನು ಆಯಾ, ದಿನಾ ಬಾಣಂತೀರ್ನ ನೋಡೋಳು. ‘ಎಲ್ಲಾರ್ಗೂ ಇಂಗೇ ಆಯ್ತದೆ, ಸುಮ್ಕಿರು, ಒಟ್ಟೆ ತುಂಬ ಉಣ್ಣು’ ಅಂದು ಕೆಲ್ಸಕ್ಕೆ ಓದೆ. ಮದ್ಯಾನ ಮಗೀನ ಪಕ್ದ ಮನೇಲಿ ಕೊಟ್ಟು ಕೆರೆಗೆ ಓದ್ಲು. ಮಗೀಗೆ ಒಂದು ಗೀಟೂ ಆಗ್ಲಿಲ್ಲ ಕಣವ್ವ. ಅದ್ನ ಉಳ್ಸಿ ತಾನು ಓದ್ಲು. ಆ ಮಗೀನ ಅವ್ರಪ್ಪನ ಕಡೆಯೋರು ತಕ್ಕಂಡೋದ್ರು, ನಂಗೆ ಮುಖ ತೋರ್ಸಾಕಿಲ್ಲ. ಏಳು ವರ್ಸ ಆಯ್ತು.

ಈಗ ಅರ್ಪಿತಂದು ಏಳ್ತೀನಿ. ಆವತ್ತು ಅವ್ಳ ರೂಮಿಗೆ ಬಟ್ಟೆ ಬದ್ಲಾಯ್ಸಾಕೆ ಓದೆ. ಯಾರೂ ಇರ್ಲಿಲ್ಲ. ಕಿಟಕಿ ತಾವ ಮಗೀನ ಎತ್ಕಂಡು ನಿಂತವ್ಳೆ. ಮೂರನೇ ಮಾಡಿ ಮ್ಯಾಲಿನ ರೂಮು. ಕಿಟಕಿ ತಗ್ದದೆ. ನನ್ನ ನೋಡಿ ಅಂದ್ಲು, ‘ಅಕ್ಕ, ಇದ್ನ ನನ್ ಕೈಯಿಂದ ತಕ್ಕ. ನನ್ ಕೈ ಸಡ್ಲ ಆಯ್ತದೆ’ ಅಂತ.

ನೀನು ಬರ್ದಿದ್ದೂ ಅದೇ ಮಾತು. ಅದ್ಕೇ ಇದ್ನೆಲ್ಲ ಬರೀತಿವ್ನಿ.

ನಾನು ಮಗೀನ ತಕ್ಕಂಡೆ. ಡಾಕ್ಟ್ರಿಗೆ ಏಳ್ತೀನಿ ಅಂದೆ. ಕಾಲು ಇಡ್ಕಂಡ್ಲು. ‘ಏಳಿದ್ರೆ ಉಚ್ಚಿ ಅಂತ ಮನೇಗೆ ಸೇರ್ಸಾಕಿಲ್ಲ, ಬಸರಾಳಲ್ಲಿ ನಮ್ಮವ್ವ ಅವ್ಳೆ, ಅವ್ಳ ಕೈಗೆ ಕೊಟ್ಟು ಅವ್ಳನ್ನ ಕರ್ಕಂಡ್ ಬಾ, ಅಲ್ಲೀಗಂಟ ನನ್ನತ್ರ ತರ್ಬ್ಯಾಡ. ಯಾರ್ಗೂ ಏಳಾಕಿಲ್ಲ ಅಂತ ಮಗೀನ ತಲೆ ಮ್ಯಾಲೆ ಕೈ ಇಡು’ ಅಂದ್ಲು. ಇಟ್ಟೆ. ಆಗ ನಂಗೆ ಕವಿತನೇ ಕಣ್ಮುಂದೆ ಇದ್ಲು. ಆಸ್ಪತ್ರೇಲಿ ಒಬ್ರಿಗೆ ಏಳಿ ಓಗ್ಬೇಕಿತ್ತು, ನಂದು ತಪ್ಪೇ. ಬಸ್ಸಿಗೆ ಕಾಯ್ತಾ ಕುಂತಿದ್ದೆ, ಇಡ್ಕಂಡ್ರು. ಟೇಸನ್ನಲ್ಲಿ ಅವಳ್ನ ಗಂಡನ ಮುಂದೆ ನಿಲ್ಸಿ ಕೇಳುದ್ರು. ನಂಗೆ ಗೊತ್ತಿಲ್ಲ, ಮನಗಿದ್ದೆ ಅಂದ್ಲು. ನಾನು ಅವ್ಳ ಮುಖ ನೋಡ್ದೆ. ಸುಮ್ಕಾದೆ.

ಈಗ ನಿಂಗೆ ಏಳ್ತೀನಿ ಕೇಳು. ಇದು ನಿನ್ ತಪ್ಪಲ್ಲ, ಕಾಯ್ಲೆ. ನಿನ್ ಗಂಡನ್ಗೆ ಇವತ್ತೇ ಏಳು. ನಾಚ್ಕಬ್ಯಾಡ. ಡಾಕ್ಟ್ರತ್ರ ಓಗು. ಅಲ್ಲೀಗಂಟ ಒಬ್ಳೇ ಇರ್ಬ್ಯಾಡ, ಬಿಬಿ ಜಾನ್ ಇರ್ತಾಳೆ. ನನ್ ಕೇಸು ಅಲ್ಲೇ ಬಿದ್ದಿರ್ಲಿ.

ಅರ್ಪಿತಂದು ಕೋರ್ಟಲ್ಲಿ ಎತ್ಬ್ಯಾಡ. ನಿನ್ನ ಉಳ್ಸಾಕೆ ಬರ್ದೆ, ನನ್ನ ಉಳಿಸ್ಕಳ್ಳಾಕಲ್ಲ.

ತಾಯಮ್ಮ


ಬ್ಲಫ್
2 ಜುಲೈ 2025

ತಾಯಮ್ಮ,

ನೀವು ಕಾಗದ ಬರೆದ ಮಾರನೇ ದಿನ ಮಧ್ಯಾಹ್ನವೇ ಬಿಬಿ ಜಾನ್ ಅವರು ಬಂದರು. ಪಾಪು ಒಳಗೆ ತೊಟ್ಟಿಲಲ್ಲಿ ಅಳುತ್ತಿತ್ತು. ನಾನು ಹೊರಗೆ ಮೆಟ್ಟಿಲ ಮೇಲೆ ಕಿವಿ ಮುಚ್ಚಿಕೊಂಡು ಕುಳಿತಿದ್ದೆ. ಎಷ್ಟು ಹೊತ್ತಿನಿಂದ ಅಂತ ನೆನಪಿಲ್ಲ. ಅವರು ನನ್ನ ಹೆಸರೂ ಕೇಳಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ ಪಾಪುವನ್ನು ಎತ್ತಿಕೊಂಡು ಬಂದರು. ಆಮೇಲೆ ಕಾಗದ ಕೊಟ್ಟರು.

ಸ್ವರೂಪ್ ಡ್ಯೂಟಿ ಮುಗಿಸಿ ಬಂದಾಗ ಕಾಗದವನ್ನೇ ಅವನ ಕೈಗಿಟ್ಟೆ. ನನ್ನ ಬಾಯಲ್ಲಿ ಹೇಳಲಾಗಲಿಲ್ಲ. ಓದಿ, ‘ನೀನು ಬರೆದದ್ದೂ ಅದೇ ಮಾತು ಅಂದರೆ ಏನು ಚಂದನ?’ ಅಂತ ಕೇಳಿದ. ನಾಲೆಯ ವಿಷಯ ಹೇಳಿದೆ. ‘ಇಷ್ಟು ದಿನ ಯಾಕೆ ಹೇಳಲಿಲ್ಲ?’ ಅಂದ. ‘ಹೇಳಿದ್ದರೆ ಕೋರ್ಟು ಬಿಡು ಅನ್ನುತ್ತಿದ್ದೆ ನೀನು. ಎಲ್ಲರೂ ಅನ್ನುತ್ತಿದ್ದರು’ ಅಂದೆ. ಅವನು ನೆಲದ ಮೇಲೆ ಕುಳಿತುಬಿಟ್ಟ. ಅನ್ನುತ್ತಿರಲಿಲ್ಲ ಅಂತ ಮಾತ್ರ ಹೇಳಲಿಲ್ಲ.

ಮಂಡ್ಯದಲ್ಲಿ ಮನಸ್ಸಿನ ಡಾಕ್ಟರೊಬ್ಬರಿಗೆ ತೋರಿಸಿದೆವು. ಹೆರಿಗೆಯಾದವರಲ್ಲಿ ಬರುವ ಕಾಯಿಲೆ, ವಾಸಿಯಾಗುತ್ತದೆ, ಸಮಯ ಬೇಕು ಅಂದರು. ಮಾತ್ರೆ ಕೊಟ್ಟಿದ್ದಾರೆ. ಸ್ವರೂಪ್ ರಜೆ ಹಾಕಿದ್ದಾನೆ. ನಾನು ಪಾಪುವಿನ ಜೊತೆ ಒಬ್ಬಳೇ ಇರುವುದಿಲ್ಲ. ಎರಡು ದಿನ ಮಲಗಿದೆ. ಆದರೂ ಎದ್ದಾಗ ಎದೆಯ ಮೇಲೆ ಕಲ್ಲು ಇದ್ದ ಹಾಗೇ ಇದೆ.

ಈಗ ನನ್ನ ತಪ್ಪು ಬರೆಯಬೇಕು. ನಿಮ್ಮ ಅರ್ಜಿ ಹೈಕೋರ್ಟಿಗೆ ಹೋಗಿರಲಿಲ್ಲ. ಮಾರ್ಚಿನಲ್ಲಿ ಹತ್ತು ದಿನ ಅಂದೆ. ಪಾಪುವಿಗೆ ಕೆಮ್ಮು ಬಂತು, ಆಮೇಲೆ ಬೇರೆ ಕೇಸು, ಆಮೇಲೆ ಆ ಫೈಲು ಮುಟ್ಟಲೇ ಕೈ ಬರಲಿಲ್ಲ. ಮಗು ಕದ್ದವಳ ಫೈಲು ಎಂದು. ಹೌದು, ನೀವು ಮಗುವಿನ ಆಸೆಗೆ ಕದ್ದಿರಿ ಎಂದೇ ನಾನೂ ನಂಬಿದ್ದೆ. ನೀವು ಸೀರೆ ಮಡಿಸಿಟ್ಟುಕೊಂಡ ದಿನ ನಿಮ್ಮ ಕಾಗದಪತ್ರ ನನ್ನ ಬೀರುವಿನಲ್ಲಿತ್ತು. ರಜೆ ಅಂತ ಬರೆದದ್ದೂ ಸುಳ್ಳು. ರಜೆ ಆಗಲೇ ಮುಗಿದಿತ್ತು. ಮೊನ್ನೆ ಸ್ವರೂಪ್ ತಾನೇ ಬೆಂಗಳೂರಿಗೆ ಹೋಗಿ ಗೆಳತಿಯ ಕೈಗೆ ಕೊಟ್ಟು ಬಂದಿದ್ದಾನೆ. ಇದು ನಿಜ.

ನಿಮ್ಮಿಂದ ನಾನೂ ಪಾಪುವೂ ಉಳಿದಿದ್ದೇವೆ. ನೀವು ಅಲ್ಲೇ ಇದ್ದೀರಿ. ಅರ್ಪಿತಳನ್ನು ಒಂದೇ ಒಂದು ಪ್ರಶ್ನೆ ಕೇಳಲು ಬಿಡಿ. ನಿಮ್ಮ ಅಪ್ಪಣೆಯಿಲ್ಲದೆ ಕೇಳುವ ಹಕ್ಕು ನನಗಿಲ್ಲ, ನೀವು ವಕೀಲೆಗೆ ಹೇಳಿದ ಮಾತು ನಿಮ್ಮದು. ಕೈಮುಗಿದು ಕೇಳುತ್ತೇನೆ.

ಚಂದನ


ಮೈಸೂರು ಜೈಲು
11 ಜುಲೈ 2025

ಲಾಯರಮ್ಮನೋರಿಗೆ,

ಡಾಕ್ಟ್ರತ್ರ ಓಗಿದ್ದು ಒಳ್ಳೇದಾಯ್ತು. ಮಾತ್ರೆ ತಪ್ಪಿಸ್ಬ್ಯಾಡಿ.

ಮೂರು ತಿಂಗ್ಳು ದಿನಾ ಒತ್ತಾರೆ ಗೇಟಿನ ತಾವ ಎಸ್ರು ಕೂಗೋದ್ನ ಕಿವಿ ಕೊಟ್ಟು ಕೇಳ್ತಿದ್ದೆ. ನನ್ನೆಸ್ರು ಬರ್ದೆ ಇದ್ದಾಗ ನಾಳೆ ಬತ್ತದೆ ಅನ್ಕತಿದ್ದೆ. ಕಾಯ್ಲೆ ಇತ್ತು ನಿಮ್ಗೆ, ಅರ್ಥ ಆಯ್ತದೆ. ಆದ್ರೂ ಒಂದ್ ಸಾಲು ‘ಆಗ್ಲಿಲ್ಲ’ ಅಂತ ಬರೀಬೋದಿತ್ತು. ನನ್ನ ಕಳ್ಳಿ ಅನ್ಕಂಡ್ರಿ, ಅದೂ ಓಗ್ಲಿ. ಸುಳ್ಳು ಬರ್ದ್ರಲ್ಲ, ಅದು ನೋಯ್ತದೆ.

ಅರ್ಪಿತನ್ನ ಕೇಳ್ಬ್ಯಾಡಿ. ತುಂಬಿದ್ ಕೋರ್ಟಲ್ಲಿ ಕೇಳಿದ್ರೆ ಸಂಜೆಗೆ ಮದ್ದೂರೆಲ್ಲ ಗೊತ್ತಾಯ್ತದೆ. ಆಮ್ಯಾಕೆ ಅವ್ಳು ಕವಿತ ಓದ್ ದಾರೀಲೇ ಓದ್ರೆ? ನಾನು ಒರ್ಗೆ ಬಂದು ಏನ್ ಮಾಡ್ಲಿ? ನೀವು ಕೇಳಿದ್ರೆ, ಲಾಯರಮ್ಮ ಸುಳ್ಳು ಏಳ್ತವ್ರೆ ಅಂತ ನಾನೇ ಜಡ್ಜ್ ಮುಂದೆ ಏಳ್ತೀನಿ.

ಸಣ್ಣತಾಯಮ್ಮ


ಮೈಸೂರು ಜೈಲು
5 ಸೆಪ್ಟೆಂಬರ್ 2025

ಲಾಯರಮ್ಮನೋರಿಗೆ,

ವಾಯಿದೆ ದಿನ ನಂಗೆ ಜ್ವರ ಬಂದು ಜೈಲಾಸ್ಪತ್ರೇಲಿದ್ದೆ, ಕೋರ್ಟಿಗೆ ಬರಾಕಾಗ್ಲಿಲ್ಲ. ಕೇಸು ಸೆಪ್ಟೆಂಬರ್ 18ಕ್ಕೆ ಮುಂದಕ್ಕೋಯ್ತು ಅಂತ ಮಾತ್ರ ಏಳುದ್ರು. ನಿಮ್ ಕಾಗ್ದ ಬರ್ಲಿಲ್ಲ. ಎರಡು ತಿಂಗ್ಳಿಂದ ಬಂದಿಲ್ಲ.

ನಾನು ಬೈದಿದ್ದಕ್ಕೆ ಕೋಪನಾ? ಇಲ್ಲಾ ಕೇಸು ಬುಟ್ರಾ? ಬುಟ್ರೂ ತಪ್ಪಿಲ್ಲ. ಬೇರೆ ಲಾಯರ್ ಕೊಡಿ ಅಂತ ಇಲ್ಲಿ ಅರ್ಜಿ ಬರ್ಸ್ತೀನಿ, ನೀವು ಮಗೀನ ನೋಡ್ಕಳಿ. ಚೆನ್ನಾಗಿವ್ನಿ ಅಂತ ಒಂದ್ ಸಾಲು ಮಾತ್ರ ಬರೀರಿ. ನಿಜ ಇದ್ರೆ ಬರೀರಿ. ನಂಗೆ ಬ್ಯಾರೆ ಬ್ಯಾರೆ ಯೋಚ್ನೆ ಬತ್ತದೆ.

ತಾಯಮ್ಮ


ಬ್ಲಫ್
19 ಸೆಪ್ಟೆಂಬರ್ 2025

ತಾಯಮ್ಮ,

ಕೇಸು ಬಿಟ್ಟಿಲ್ಲ. ಹೈಕೋರ್ಟಿನಲ್ಲಿ ನಿಮ್ಮ ಜಾಮೀನು ಅರ್ಜಿ ಇನ್ನೂ ವಿಚಾರಣೆಗೆ ಬಂದಿಲ್ಲ. ನಾಚಿಕೆಯಿಂದ ಬರೆಯಲಿಲ್ಲ. ನಿನ್ನೆಯೂ ನಿಮಗೆ ಜ್ವರವಿತ್ತು ಎಂದು ನಿಮ್ಮ ಗೈರುಹಾಜರಿಗೆ ನಾನೇ ಅರ್ಜಿ ಹಾಕಿದೆ. ಆದ್ದರಿಂದ ಎರಡೂ ದಿನ ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ.

ಆಗಸ್ಟ್ 21ಕ್ಕೆ ನಿಮ್ಮ ಮಾತು ಮೀರದೆ, ಬೇರೆ ಬೇರೆ ಪ್ರಶ್ನೆ ಸಿದ್ಧಮಾಡಿಕೊಂಡು ಹೋಗಿದ್ದೆ. ಅರ್ಪಿತ ಹಿಂದಿನ ಬೆಂಚಿನಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮಗುವಿಗೆ ಒಂದು ವರ್ಷ. ಕೇಸು ಕೂಗಿದರು. ಎದ್ದು ನಿಂತೆ. ಹಾಳೆಯ ಮೇಲಿನ ಅಕ್ಷರಗಳು ಒಂದೂ ನಿಲ್ಲಲಿಲ್ಲ. ಹಾಳೆಗಳು ಕೆಳಗೆ ಬಿದ್ದವು. ಇನ್ನೊಂದು ದಿನ ಕೊಡಿ ಎಂದೆ. ಪುಟ್ಟಸ್ವಾಮಿ ಸರ್ ಹಿಂದಿನಿಂದ, ‘ಜ್ವರ ಅಂತ ಹೇಳಮ್ಮ’ ಅಂದರು. ಜಡ್ಜ್ ಸಾಹೇಬರು, ‘ಆರೋಪಿ ಒಂದು ವರ್ಷದಿಂದ ಜೈಲಿನಲ್ಲಿದ್ದಾರೆ, ನೀವೇ ದಿನ ಕೇಳುತ್ತೀರಿ. ಯಾಕೆ?’ ಅಂದರು.

ಇನ್ನು ಸುಳ್ಳು ಬೇಡ ಎನ್ನಿಸಿತು. ಹೇಳಿಬಿಟ್ಟೆ. ‘ಹೆರಿಗೆಯಾದ ಮೇಲೆ ನನಗೆ ಮನಸ್ಸಿನ ಕಾಯಿಲೆ ಬಂದಿದೆ ಸ್ವಾಮಿ. ನನ್ನ ಮಗುವನ್ನು ನಾನೇ ನಾಲೆಗೆ ಹಾಕಿಬಿಡುತ್ತೇನೆ ಎಂದು ಹೆದರಿದ್ದೆ. ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ. ಇವತ್ತು ನನ್ನಿಂದ ಆಗುತ್ತಿಲ್ಲ’ ಅಂದೆ. ಸಾಹೇಬರು ಸೆಪ್ಟೆಂಬರ್ 18 ಎಂದು ಬರೆಸಿದರು. ತಿರುಗಿ ನೋಡಿದೆ. ಅರ್ಪಿತ ನನ್ನನ್ನೇ ನೋಡುತ್ತಿದ್ದಳು.

ಅವಳಿಗೆ ಕೇಳಲಿ ಎಂದೇ ಹೇಳಿದೆನಾ? ಇಲ್ಲ ಅಂತ ಪ್ರಮಾಣ ಮಾಡಲಾರೆ. ನಿಮ್ಮ ಮಾತನ್ನು ಬೇರೆ ದಾರಿಯಿಂದ ಮೀರಿದೆನೋ ಏನೋ. ಅದಕ್ಕೇ ಬರೆಯಲಿಲ್ಲ. ಆ ವಾರ ಮೂವರು ಕಕ್ಷಿದಾರರು ತಮ್ಮ ಫೈಲು ವಾಪಸ್ ತೆಗೆದುಕೊಂಡು ಹೋದರು. ಅವರಲ್ಲಿ ಒಬ್ಬಾಕೆ ಹೆಂಗಸೇ.

ನಿನ್ನೆ ಅರ್ಪಿತ ಕಟಕಟೆಗೆ ಬಂದಳು. ಮಗು ಸಂತೋಷನ ಕೈಯಲ್ಲಿತ್ತು. ಆ ಮಧ್ಯಾಹ್ನ ರೂಮಿನಲ್ಲಿ ಬೇರೆ ಯಾರಿದ್ದರು ಎಂದು ಕೇಳಿದೆ. ಯಾರೂ ಇರಲಿಲ್ಲ ಅಂದಳು. ಆಯಾ ನಿಮ್ಮೊಂದಿಗೆ ಹೇಗಿದ್ದರು? ಚೆನ್ನಾಗಿದ್ದರು. ಮುಂದಿನ ಪ್ರಶ್ನೆ ನಾಲಿಗೆಯ ತುದಿಯಲ್ಲಿತ್ತು ತಾಯಮ್ಮ. ನುಂಗಿಕೊಂಡೆ. ‘ಇನ್ನು ಪ್ರಶ್ನೆ ಇಲ್ಲ’ ಎಂದು ಕುಳಿತೆ. ನಿಮ್ಮನ್ನು ಕಳೆದುಕೊಂಡೆ ಎಂದೇ ಅಂದುಕೊಂಡೆ.

ಅವಳು ಕೆಳಗಿಳಿಯಲಿಲ್ಲ. ಇಳಿಯಮ್ಮ ಅಂದರೂ ಕಟಕಟೆಯ ಕಂಬಿ ಹಿಡಿದು ನಿಂತಳು. ಆಮೇಲೆ ಅಂದಳು, ‘ಆಯಮ್ಮ ಕದೀಲಿಲ್ಲ ಸಾಮಿ. ನಾನೇ ಕೊಟ್ಟೆ. ಕೊಡ್ದೆ ಇದ್ದಿದ್ರೆ ಕಿಟಕಿಯಿಂದ ಆಕ್ಬುಡ್ತಿದ್ದೆ.’ ಸಾಹೇಬರು ಬಾಗಿಲು ಹಾಕಿಸಿ, ಕುರ್ಚಿ ಕೊಡಿಸಿ, ನೀರು ಕುಡಿಸಿ, ಪೂರ್ತಿ ಬರೆಸಿಕೊಂಡರು. ಎಲ್ಲ ಹೇಳಿದಳು. ಬಸರಾಳು, ಅವ್ವ, ಮಗುವಿನ ತಲೆಯ ಮೇಲೆ ನೀವು ಕೈ ಇಟ್ಟದ್ದು.

ಹೊರಗೆ ಬಂದಾಗ ಸಂತೋಷ್ ಇರಲಿಲ್ಲ. ಮಗುವನ್ನೂ ಕರೆದುಕೊಂಡು ಹೋಗಿದ್ದ. ಅರ್ಪಿತ ಗೇಟಿನ ಹತ್ತಿರ ಒಬ್ಬಳೇ ನಿಂತಿದ್ದಳು. ನಾನೂ ಪುಟ್ಟಸ್ವಾಮಿ ಸರ್ ಅವರೂ ಬಸರಾಳಿಗೆ ಕರೆದುಕೊಂಡು ಹೋಗಿ ಅವಳ ಅವ್ವನ ಹತ್ತಿರ ಬಿಟ್ಟು ಬಂದೆವು.

ನೀವು ಬಿಡುಗಡೆಯಾಗುತ್ತೀರಿ. ನನಗೆ ಸಂತೋಷಪಡಲು ಆಗುತ್ತಿಲ್ಲ.

ಚಂದನ


ಬಸರಾಳು
24 ನವೆಂಬರ್ 2025

ಅವ್ವಾ ಚಂದನ,

ತೀರ್ಪಿನ ದಿನ ನಿನ್ ಜೊತೆ ಸರ್ಯಾಗಿ ಮಾತಾಡಾಕಾಗ್ಲಿಲ್ಲ. ಬುಡುಗಡೆ ಆಗಿ ಅತ್ತು ದಿನ ಆಯ್ತು. ಮದ್ದೂರಲ್ಲಿ ನಾನಿದ್ ಮನೇಲಿ ಬೇರೆಯೋರು ಅವ್ರೆ. ನಿರಪರಾಧಿ ಅಂತ ಕೋರ್ಟು ಏಳಿದ್ರೂ ಮಗ ಕದ್ದೋಳು ಅಂತ್ಲೇ ನೋಡ್ತಾರೆ. ಅರ್ಪಿತನ ಅವ್ವ ಬಂದು ‘ನಮ್ಮನೇಲಿರು’ ಅಂತ ಕರ್ಕಂಡ್ ಬಂದ್ರು. ಇಲ್ಲೇ ಇವ್ನಿ.

ನಿನ್ ಮ್ಯಾಲೆ ಕೋಪ ಇಲ್ಲ. ನೀನು ನಿನ್ನ ನೋವು ಏಳ್ಕಂಡೆ, ಅವ್ಳು ಅವ್ಳದು ಏಳ್ಕಂಡ್ಲು. ನಾನು ಬಾಯ್ಮುಚ್ಕಂಡು ಅವ್ಳನ್ನ ಕಾಪಾಡ್ತೀನಿ ಅನ್ಕಂಡಿದ್ದೆ. ಈಗ ನೋಡಿದ್ರೆ, ಆ ಒಂದು ವರ್ಸ ಅವ್ಳು ಯಾರ್ಗೂ ಏಳ್ದೆ, ಡಾಕ್ಟ್ರಿಲ್ದೆ, ಒಬ್ಳೇ ಅನುಭವಿಸವ್ಳೆ. ಅದ್ರಲ್ಲಿ ನಂದೂ ಪಾಲದೆ.

ಫೋನ್ ಮಾಡಾನ ಅಂದ್ರೆ ಅವ್ಳು ಪಕ್ದಲ್ಲೇ ಕುಂತಿರ್ತಾಳೆ. ಅದ್ಕೇ ಬರೀತಿವ್ನಿ. ಎರಡು ತಿಂಗ್ಳಿಂದ ಮಗೀನ ಕೊಡ್ತಿಲ್ಲ ಅವ್ರು. ‘ಉಚ್ಚಿ ಕೈಗೆ ಮಗ ಕೊಡಾಕಿಲ್ಲ, ಕೋರ್ಟಲ್ಲಿ ಇವ್ಳೇ ಏಳವ್ಳೆ’ ಅಂತಾನೆ ಸಂತೋಷ. ನನ್ನ ಬುಡ್ಸಿದ್ ಮಾತೇ ಅವ್ಳ ಕುತ್ತಿಗೆಗೆ ಬಂತು. ಊಟ ಮಾಡಾಕಿಲ್ಲ, ಮಾತಾಡಾಕಿಲ್ಲ. ಮೊನ್ನೆ ಮದ್ಯಾನ ಯಾರ್ಗೂ ಏಳ್ದೆ ಬಸ್ ಅತ್ತಿ ಮದ್ದೂರ್ಗೆ ಓಗಿ ಅವ್ರ ಮನೆ ಎದ್ರಿಗೆ ನಿಂತಿದ್ಲು. ಅವ್ರು ಪೊಲೀಸ್ರಿಗೆ ಫೋನ್ ಮಾಡುದ್ರು. ನಾವು ಓಗಿ ಕರ್ಕಂಡ್ ಬಂದೊ. ದಾರೀಲಿ ಒಂದೇ ಮಾತು ಅಂದ್ಲು, ‘ಅಕ್ಕ, ಆವತ್ತು ನೀನು ಯಾಕ್ ಬಂದೆ ರೂಮಿಗೆ?’

ನಂಗೆ ಕೈಕಾಲು ಆಡ್ತಿಲ್ಲ ಕಣವ್ವ. ನಿನ್ ಕೈಲಿ ಆಯ್ತದಾ ಅವ್ಳ ಕೇಸು? ನಿಂಗೇ ಇನ್ನೂ ವಾಸಿ ಆಗಿಲ್ಲ, ಮಗ ಇನ್ನೂ ಎಳೇದು, ಕೇಳ್ಬಾರ್ದು. ಬ್ಯಾರೆ ಯಾರ್ನ ಕೇಳ್ಬೇಕೋ ಗೊತ್ತಿಲ್ಲ.

ತಾಯಮ್ಮ


ಬ್ಲಫ್
28 ನವೆಂಬರ್ 2025

ತಾಯಮ್ಮ,

ನಿಮ್ಮ ಕಾಗದ ಬಂದ ದಿನ ಆಗುವುದಿಲ್ಲ ಎಂದು ಬರೆದು ಮಡಿಸಿಟ್ಟೆ. ಇವತ್ತು ಅದನ್ನು ಹರಿದು ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಸ್ಥಿತಿ ಹೇಳಿಬಿಡುತ್ತೇನೆ. ಮಾತ್ರೆ ಇನ್ನೂ ನಡೆಯುತ್ತಿದೆ. ವಾರಕ್ಕೆ ಮೂರೇ ದಿನ ಕೋರ್ಟು. ಕೆಲವು ದಿನ ಚೆನ್ನಾಗಿರುತ್ತದೆ, ಕೆಲವು ದಿನ ಹಾಸಿಗೆ ಬಿಟ್ಟೇಳಲು ಸ್ವರೂಪ್ ಕೈ ಹಿಡಿಯಬೇಕು. ಪಾಪುವಿಗೆ ಕುಸುಮ ಎಂದು ಹೆಸರಿಟ್ಟಿದ್ದೇವೆ. ಅವಳು ನನ್ನನ್ನು ನೋಡಿ ಅಳುವುದು ನಿಂತಿದೆ. ಅವಳನ್ನು ಸ್ನಾನ ಮಾಡಿಸುವಾಗ ಮಾತ್ರ ಈಗಲೂ ಇನ್ನೊಬ್ಬರು ಜೊತೆಗಿರಬೇಕು.

ಅರ್ಪಿತಳ ಮಗುವನ್ನು ಕೇಳಿ ಅರ್ಜಿ ಹಾಕೋಣ. ಸುಲಭ ಎಂದು ಹೇಳಲಾರೆ. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು ಎನ್ನುತ್ತದೆ ಕಾನೂನು. ಆದರೆ ಅವಳ ಹೇಳಿಕೆಯನ್ನೇ ಅವಳ ಮುಂದೆ ಓದುತ್ತಾರೆ. ನಾನು ಅವಳ ವಕೀಲೆಯಾದರೆ, ನಾನು ಕೋರ್ಟಿನಲ್ಲಿ ನನ್ನ ಬಗ್ಗೆ ಹೇಳಿದ್ದನ್ನೂ ಎತ್ತುತ್ತಾರೆ. ಹುಚ್ಚಿಗೊಬ್ಬಳು ಹುಚ್ಚಿ ವಕೀಲೆ ಎಂದು ಬಾರ್ ರೂಮಿನಲ್ಲಿ ಆಡಿಕೊಳ್ಳುವುದು ಈಗಲೇ ಕೇಳಿಸುತ್ತಿದೆ. ಸೋಲಬಹುದು. ನಡುವೆ ನನಗೆ ಆಗದಿದ್ದರೆ ಆಗಲಿಲ್ಲ ಎಂದು ಆ ದಿನವೇ ಹೇಳುತ್ತೇನೆ, ಆಗ ಪುಟ್ಟಸ್ವಾಮಿ ಸರ್ ನಡೆಸುತ್ತಾರೆ. ಅವರನ್ನು ಕೇಳಿದ್ದೇನೆ, ಒಪ್ಪಿದ್ದಾರೆ.

ಅದಕ್ಕಿಂತ ಮೊದಲು ಅವಳು ನನ್ನ ಡಾಕ್ಟರ ಹತ್ತಿರ ಬರಬೇಕು. ಕೇಸಿಗಾಗಿ ಅಲ್ಲ, ಅವಳಿಗಾಗಿ. ಡಿಸೆಂಬರ್ 2, ಮಂಗಳವಾರ ನನ್ನ ಸರದಿ ಹನ್ನೊಂದು ಗಂಟೆಗೆ. ಅವಳ ಹೆಸರನ್ನೂ ಬರೆಸಿದ್ದೇನೆ. ಅಲ್ಲಿಂದ ಕೋರ್ಟಿಗೆ ಹೋಗಿ ವಕಾಲತ್ತಿಗೆ ಅವಳ ಸಹಿ ಹಾಕಿಸಿಕೊಳ್ಳುತ್ತೇನೆ.

ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಹತ್ತೂವರೆಗೆ ನಿಂತಿರುತ್ತೇನೆ. ಅವಳೊಬ್ಬಳನ್ನೇ ಬಸ್ಸು ಹತ್ತಿಸಬೇಡಿ. ನೀವೂ ಬನ್ನಿ, ಕಿಟಕಿಯ ಕಡೆ ನೀವು ಕೂತ್ಕೊಳ್ಳಿ.

ಚಂದನ